ಹತ್ತಕ್ಕೆ ಮೂರು

ನಮ್ಮ ಮನೆಗೆ ಬಂದ ಕ್ಯಾಸೆಟ್ಟುಗಳೆಲ್ಲ ಶುಕ್ರವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೊರಟುಹೋಗುತ್ತಿದ್ದವು. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಸಿಸ್ಟೆಂಟ್. ಅವರ ಎದುರು ಮೇಜಿನ ಸಕ್ಸೇನಾ ಅಂಕಲ್ ಮನೆಯಲ್ಲಿ ಎರಡು ಬೀರುವಿನ ತುಂಬ ಕ್ಯಾಸೆಟ್ಟುಗಳಿದ್ದವು. ವಾರಕ್ಕೊಂದರಂತೆ ಅವು ಅಪ್ಪನ ಊಟದ ಡಬ್ಬಿಯ ಚೀಲದಲ್ಲಿ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿಗೆ ಬರುತ್ತಿದ್ದವು: ಗಜಲ್, ಕವ್ವಾಲಿ, ಪಂಜಾಬಿ ಪಾಪ್, ಸಿತಾರ್, ಅಂಕಲ್ ಮಗ ಎಲ್ಲಿಂದಲೋ ತರಿಸುತ್ತಿದ್ದ ಇಂಗ್ಲಿಷ್ ಬ್ಯಾಂಡುಗಳು. ಕೆಳಗಿನ ಮನೆಯ ಮಲ್ಹೋತ್ರಾ ಆಂಟಿ ಹತ್ತಿರ ಒಟ್ಟಿಗೆ ಎರಡು ಕ್ಯಾಸೆಟ್ ಹಿಡಿಸುವ ಟೇಪ್ ರೆಕಾರ್ಡರ್ ಇತ್ತು, ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದರು. ಆದರೆ ಕಾಪಿ ಮಾಡಿಕೊಳ್ಳುವುದು ಕಳ್ಳತನ ಅಂತ ನಂಬಿದ್ದ ಮನುಷ್ಯ ಇಡೀ ದಿಲ್ಲಿಯಲ್ಲಿ ನಮ್ಮಪ್ಪ ಒಬ್ಬರೇ ಇದ್ದಿರಬೇಕು. ನಮ್ಮ ಕ್ರೈಸ್ತ ಸಭೆಯ ಹಿರಿಯರಾಗಿದ್ದವರು, ಭಾನುವಾರ ಒಂದು ಮಾತು ಸೋಮವಾರ ಒಂದು ಮಾತು ಅವರಿಗೆ ಬರುತ್ತಿರಲಿಲ್ಲ. ಹೀಗಾಗಿ ಹಾಡು ವಾಪಸ್ ಹೋಗುತ್ತಿತ್ತು, ಅದರ ಬಗ್ಗೆ ನಾವು ಆಡಿದ ಮಾತು ಮಾತ್ರ ಮನೆಯಲ್ಲಿ ಉಳಿಯುತ್ತಿತ್ತು. ನಾನು ಅಭಿಪ್ರಾಯ ಹೇಳಿ ಬದುಕುವವಳಾದದ್ದು ಯಾಕೆ ಅಂತ ಯಾರಾದರೂ ಕೇಳಿದರೆ ಇಷ್ಟನ್ನು ಹೇಳಿ ನಿಲ್ಲಿಸುತ್ತೇನೆ. ಮುಂದಿನದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ನಮ್ಮದು ಎರಡನೇ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಿದರೆ ಮನುಷ್ಯರಿಗೆ ಜಾಗ ಉಳಿಯದ ಒಂದು ಬಾಲ್ಕನಿ. ಮುಂದಿನ ಕೋಣೆಯಲ್ಲಿ ದಿವಾನ, ಅದರ ಪಕ್ಕ ಬೇಸಿಗೆಯಲ್ಲಿ ಗುಡುಗುವ ಕೂಲರ್, ಕೂಲರಿನ ಮೇಲೆ ಅಮ್ಮ ಕ್ರೋಶಾದಲ್ಲಿ ಹೆಣೆದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಟೇಪ್ ರೆಕಾರ್ಡರ್. ಹಾಡು ಕೇಳಬೇಕಾದರೆ ಕೂಲರ್ ನಿಲ್ಲಿಸಬೇಕು. ಮೇ ತಿಂಗಳಲ್ಲಿ ನಾವು ನಾಲ್ಕೂ ಜನ ಬೆವರು ಒರೆಸಿಕೊಳ್ಳುತ್ತ ಕೂತು ಕವ್ವಾಲಿ ಕೇಳಿದ್ದುಂಟು. ಭಾನುವಾರ ಮಧ್ಯಾಹ್ನ ಕೋಳಿಸಾರು ಅನ್ನದ ಊಟ ಮುಗಿದ ಮೇಲೆ ಇದು ನಡೆಯುತ್ತಿತ್ತು. ಎ ಸೈಡ್ ಮುಗಿದು ಬಿ ಸೈಡ್ ಮುಗಿಯುವ ತನಕ ಯಾರೂ ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಕ್ಯಾಸೆಟ್ ತಿರುವಿ ಹಾಕುವ ಕೆಲಸ ತಮ್ಮ ಜೋಯಲ್‌ನದು. ಆಮೇಲೆ ಕಾಫಿ, ಕಾಫಿಯ ಜೊತೆ ಒಬ್ಬೊಬ್ಬರದೂ ಅಭಿಪ್ರಾಯ, ಕಿರಿಯರಿಂದ ಶುರು. ಹಿರಿಯರು ಮೊದಲು ಹೇಳಿಬಿಟ್ಟರೆ ಚಿಕ್ಕವರು ಅದನ್ನೇ ಒಪ್ಪಿಸುತ್ತಾರೆ ಅನ್ನುವುದು ಅಪ್ಪನ ವಾದ. ಕೊನೆಗೆ ಹತ್ತಕ್ಕೆ ಇಷ್ಟು ಅಂತ ಅಂಕ. ಜೋಯಲ್‌ಗೆ ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸುವ ಅಭ್ಯಾಸ. ಅಮ್ಮನದು ಯಾವತ್ತೂ ಒಂದೇ ಮಾತು.

"ಪಾಪ, ಕಷ್ಟಪಟ್ಟು ಹಾಡಿದ್ದಾನೆ. ಹತ್ತಕ್ಕೆ ಏಳು."

ಹಾಡಿದವನು ಉಸ್ತಾದನಾಗಲಿ, ಮದುವೆಮನೆಯ ಬ್ಯಾಂಡಿನವನಾಗಲಿ, ಅಮ್ಮನ ಹತ್ತಿರ ಏಳು ಖಾತ್ರಿ. ಕಿರುಚುವ ಇಂಗ್ಲಿಷ್ ಬ್ಯಾಂಡಿಗೂ ಏಳು, ಪಾಪ ಗಂಟಲು ಏನಾಗಬೇಕು ಅಂತ. ನಾವು ನಗುತ್ತಿದ್ದೆವು. ಅವಳ ಅಂಕವನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನಮ್ಮ ನಾಲ್ವರಲ್ಲಿ ಸಂಗೀತ ಕಲಿತವಳು ಅವಳೊಬ್ಬಳೇ ಅನ್ನುವುದು ನನಗೆ ಆಗ ಹೊಳೆಯಲೇ ಇಲ್ಲ. ಎಂಟನೇ ವಯಸ್ಸಿಗೆ ತುಮಕೂರಿನ ಮಿಷನ್ ಹಾಸ್ಟೆಲ್ಲಿಗೆ ಸೇರಿದ ದಯಾಮಣಿ ಎಂಬ ಹುಡುಗಿ, ಬೆಳಿಗ್ಗೆ ಸಂಜೆ ಹಾರ್ಮೋನಿಯಂ ಇಲ್ಲದೆ ನೂರು ಹುಡುಗಿಯರಿಗೆ ಶ್ರುತಿ ಎತ್ತಿಕೊಡುತ್ತಿದ್ದಳಂತೆ. ಅದಕ್ಕೇ ಅವಳ ದನಿ ಅಷ್ಟು ಗಟ್ಟಿ. ಅಡುಗೆಮನೆಯಲ್ಲಿ ಕೀರ್ತನೆ ಎತ್ತಿದರೆ ಕೆಳಗೆ ಸ್ಕೂಟರ್ ಒರೆಸುತ್ತಿದ್ದವರಿಗೂ ಕೇಳಿಸುತ್ತಿತ್ತು.

ಕ್ಯಾಸೆಟ್ ಕೊಡುವುದಕ್ಕೆ ಸಕ್ಸೇನಾ ಅಂಕಲ್ ಒಂದೇ ಷರತ್ತು ಹಾಕಿದ್ದರು: ವಾಪಸ್ ಬರುವಾಗ ಕ್ಯಾಸೆಟ್ಟಿನ ಡಬ್ಬಿಯೊಳಗೆ ಒಂದು ಚೀಟಿ ಇರಬೇಕು, ಹೇಗಿತ್ತು ಅಂತ. ಮೊದಮೊದಲು ಅಪ್ಪನೇ ಬರೆದರು. ಅವರ ಹಿಂದಿ ಫೈಲಿನ ಹಿಂದಿ, "ಉಪರೋಕ್ತ ಕ್ಯಾಸೆಟ್ಟಿನ ಸಂದರ್ಭದಲ್ಲಿ ನಿವೇದಿಸುವುದೇನೆಂದರೆ" ಅನ್ನುವ ಧಾಟಿ. ಅಂಕಲ್ ಕೈಮುಗಿದು, ಮಗಳ ಹತ್ತಿರ ಬರೆಸಪ್ಪಾ ಅಂದರಂತೆ. ನನಗಾಗ ಹನ್ನೊಂದು. ಶಾಲೆಯಲ್ಲಿ ಹಿಂದಿ ಪ್ರಬಂಧಕ್ಕೆ ಯಾವಾಗಲೂ ನಾನೇ ಮೊದಲು. ಮೊದಲ ಚೀಟಿ ಒಂದು ಗಜಲ್ ಕ್ಯಾಸೆಟ್ಟಿನದು. ಹೊದಿಕೆಯಲ್ಲಿ ಗಾಯಕ ಶಾಲು ಹೊದ್ದು ಕಿಟಕಿಯಾಚೆ ನೋಡುತ್ತ ಕೂತಿದ್ದ. ನಾನು ಬರೆದೆ: "ಇವರಿಗೆ ದುಃಖ ಆಗಿಲ್ಲ, ನೆಗಡಿ ಆಗಿದೆ. ಹತ್ತಕ್ಕೆ ನಾಲ್ಕು." ಸೋಮವಾರ ಸಂಜೆ ಅಪ್ಪ ಮೆಟ್ಟಿಲು ಹತ್ತಿ ಬರುವಾಗಲೇ ನಗುತ್ತಿದ್ದರು. ಅಂಕಲ್ ಚಹಾದ ಹೊತ್ತಿಗೆ ಆ ಚೀಟಿಯನ್ನು ಇಡೀ ಸೆಕ್ಷನ್ನಿಗೆ ಓದಿ ಹೇಳಿದ್ದರಂತೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಆಮೇಲೆ ನಾನು ಹಾಡು ಕೇಳುವುದೇ ಚೀಟಿಗೋಸ್ಕರ. ಪಂಜಾಬಿ ಪಾಪ್ ಒಂದಕ್ಕೆ, "ಒಂದೇ ಹಾಡಿಗೆ ಎಂಟು ಸಲ ಅಂಗಿ ಬದಲಿಸಿ ಕಳಿಸಿದ್ದಾರೆ" ಅಂತ ಬರೆದೆ. ಅದು ಈಗಲೂ ತಪ್ಪಲ್ಲ. ಒಬ್ಬ ವೃದ್ಧ ಗಾಯಕರು ಎ ಸೈಡಿನ ಪೂರ್ತಿ ಒಂದೇ ರಾಗವನ್ನು ವಿಲಂಬಿತದಲ್ಲಿ ಹಾಡಿದ್ದರು. ಅದಕ್ಕೆ, "ತಾತ ಕನ್ನಡಕ ಹುಡುಕುತ್ತಿದ್ದಾರೆ, ಬಿ ಸೈಡಿನಲ್ಲೂ ಸಿಗಲಿಲ್ಲ, ಹತ್ತಕ್ಕೆ ಎರಡು" ಅಂದೆ. ಇವತ್ತು ನನ್ನ ಕೈಗೆ ಒಂದೇ ಒಂದು ಧ್ವನಿಮುದ್ರಿಕೆ ಕೊಟ್ಟು ಉಳಿದದ್ದನ್ನೆಲ್ಲ ಯಮುನೆಗೆ ಎಸೆ ಅಂದರೆ ನಾನು ಇಟ್ಟುಕೊಳ್ಳುವುದು ಅದನ್ನೇ. ಆ ಮನುಷ್ಯ ಏನನ್ನೂ ಹುಡುಕುತ್ತಿರಲಿಲ್ಲ, ಸಿಕ್ಕಿದ್ದನ್ನು ನಿಧಾನವಾಗಿ ತೋರಿಸುತ್ತಿದ್ದ. ಇಂಗ್ಲಿಷ್ ಮೆಟಲ್ ಬ್ಯಾಂಡೊಂದು ಮಾತ್ರ ನನಗೆ ಮೊದಲ ಸಲಕ್ಕೇ ಹಿಡಿಸಿತ್ತು. ಹೊದಿಕೆಯಲ್ಲಿ ತಲೆಬುರುಡೆ ಇದ್ದರೂ ಒಳಗಿನವರು ಅಚ್ಚುಕಟ್ಟಿನ ಕೆಲಸಗಾರರು. ಇವರಿಗೆ ಸಿಟ್ಟು ಬಂದಿಲ್ಲ, ಓವರ್‌ಟೈಮ್ ಮಾಡುತ್ತಿದ್ದಾರೆ ಅಂತ ಬರೆದು ಒಂಬತ್ತು ಕೊಟ್ಟೆ. ಆ ವಾರ ಅಂಕಲ್ ಚೀಟಿಯನ್ನು ಗಟ್ಟಿಯಾಗಿ ಓದಲಿಲ್ಲ. ಅಪ್ಪನ ಹತ್ತಿರ ಹೇಳಿ ಕಳಿಸಿದರು:

"ಬಿಟಿಯಾ ನರಂ ಪಡ್ ಗಯೀ. ಮಗಳು ಮೆತ್ತಗಾಗಿಬಿಟ್ಟಿದ್ದಾಳೆ, ಖಾರ ಎಲ್ಲಿ ಹೋಯ್ತು?"

ಹೊಗಳಿದ ಚೀಟಿ ಡಬ್ಬಿಯಲ್ಲೇ ಉಳಿಯುತ್ತದೆ, ಹಳಿದದ್ದು ಓದಿಸಿಕೊಳ್ಳುತ್ತದೆ ಅಂತ ಹದಿಮೂರಕ್ಕೇ ಕಲಿತುಬಿಟ್ಟೆ. ಹೊಸ ಆಲ್ಬಮ್ಮುಗಳ ಬಗ್ಗೆ ಬರೆಯುವ ಈ ವಯಸ್ಸಿನಲ್ಲೂ ಆ ಪಾಠ ನನ್ನನ್ನು ಬಿಟ್ಟಿಲ್ಲ. ಯಾವುದಾದರೂ ಹೊಸ ಹುಡುಗಿಯ ಮೊದಲ ಆಲ್ಬಮ್ ಹಾಕಿದಾಗ, ಇನ್ನೂ ಮೊದಲ ಹಾಡಿನ ಪಲ್ಲವಿ ಮುಗಿದಿರುವುದಿಲ್ಲ, ಒಳಗೆ ಯಾವುದೋ ಚುರುಕು ವಾಕ್ಯ ತಲೆ ಎತ್ತುತ್ತದೆ. ಆಗೆಲ್ಲ ನಾನು ಹಾಡು ನಿಲ್ಲಿಸಿ, ಒಂದು ಲೋಟ ನೀರು ಕುಡಿದು, ಮೊದಲಿನಿಂದ ಕೇಳುತ್ತೇನೆ.

ದಿಲ್ಲಿಯ ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚು ಇರಲಿಲ್ಲ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಹಿಂದಿ ಸಭೆಯವರ ಚರ್ಚನ್ನು ಕೇಳಿ ಪಡೆದು ನಾವು ಆರಾಧನೆ ನಡೆಸುತ್ತಿದ್ದೆವು. ಕ್ವಾರ್ಟರ್ಸಿನ ಸಂಸಾರಗಳು, ಆಸ್ಪತ್ರೆಯ ನರ್ಸುಗಳು, ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ಮಾನೇಸರಿನ ಕಾರ್ಖಾನೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಒಂದಿಬ್ಬರು ಇಂಜಿನಿಯರುಗಳು, ಎಲ್ಲ ಸೇರಿ ಐವತ್ತು ಅರವತ್ತು ಜನ. ನನಗೆ ಹದಿನೈದಾಗಿದ್ದ ವರ್ಷ ಅಯ್ಯನವರಿಗೆ, ಅಂದರೆ ನಮ್ಮ ಪಾಸ್ಟರಿಗೆ, ಕ್ರಿಸ್ಮಸ್ಸಿಗೆ ಸಭೆಯ ಕೀರ್ತನೆಗಳದೊಂದು ಕ್ಯಾಸೆಟ್ ಮಾಡಿಸುವ ಹುಮ್ಮಸ್ಸು ಬಂತು. ರೋಹಿಣಿಯಲ್ಲಿ ಒಂದು ಮಿಠಾಯಿ ಅಂಗಡಿಯ ಮೇಲೆ ಪುಟ್ಟ ಸ್ಟುಡಿಯೋ, ದೇವಿಯ ಹೆಸರಲ್ಲಿ ರಾತ್ರಿಯಿಡೀ ನಡೆಯುವ ಮಾತಾ ಜಾಗರಣೆಯ ಹಾಡುಗಳನ್ನು ಮುದ್ರಿಸುವ ಜಾಗ. ಅಮ್ಮ ಮೂರು ಶನಿವಾರ ಎರಡೆರಡು ಬಸ್ಸು ಬದಲಿಸಿ ಅಲ್ಲಿಗೆ ಹೋದಳು. ಹತ್ತು ಹಾಡಿನಲ್ಲಿ ಒಂಬತ್ತು ಕ್ವಾಯರಿನವರೆಲ್ಲ ಸೇರಿ ಹಾಡಿದ್ದು, ಮೂರನೆಯದು ಅಮ್ಮ ಒಬ್ಬಳೇ. ಒಂದು ತಿಂಗಳು ಮೊಸರು ಬಿಟ್ಟಳು, ಮೆಣಸಿನ ಕಷಾಯ ಕುಡಿದಳು, ತರಕಾರಿಯ ಭಯ್ಯಾನನ್ನು ಬಾಲ್ಕನಿಯಿಂದ ಕೂಗುವುದನ್ನೂ ನಿಲ್ಲಿಸಿ ಜೋಯಲ್‌ನನ್ನು ಕೆಳಗೆ ಓಡಿಸಿದಳು. ಅಡುಗೆಮನೆಯಲ್ಲಿ ಒಂದೇ ಕೀರ್ತನೆ, ಬೆಳಿಗ್ಗೆಯೂ ಸಂಜೆಯೂ.

ಆ ತಿಂಗಳಲ್ಲಿ ಒಂದು ದಿನ ನನ್ನ ಗೆಳತಿ ಶಿವಾನಿ ಮನೆಗೆ ಬಂದಿದ್ದಳು. ಅಮ್ಮ ಒಳಗೆ ಹಾಡುತ್ತಿದ್ದಳು. ಶಿವಾನಿ ಸ್ವಲ್ಪ ಹೊತ್ತು ಕೇಳಿಸಿಕೊಂಡು ಕೆನ್ನೆ ಉಬ್ಬಿಸಿ ನಗು ತಡೆದುಕೊಂಡಳು.

"ತೇರಿ ಮಮ್ಮಿ ಕಿಸೀ ಕೋ ಡಾಂಟ್ ರಹೀ ಹೈ ಕ್ಯಾ? ಯಾರನ್ನ ಬೈತಾ ಇದ್ದಾರೆ?"

"ಹೂಂ, ತಮ್ಮನ್ನ," ಅಂದೆ ನಾನು. ಹಾಡು ಅಂತ ಹೇಳಲಿಲ್ಲ. ನನಗೆ ಅಮ್ಮನ ದನಿಯ ಬಗ್ಗೆ, ಅವಳು ಒಂದೊಂದು ಅಕ್ಷರವನ್ನೂ ಒತ್ತಿ ಹೇಳುವುದರ ಬಗ್ಗೆ, ಆ ಕಾಲೊನಿಯಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ ಯಾರಿಗೂ ತಿಳಿಯದ ಕೀರ್ತನೆ ಹಾಡುವುದರ ಬಗ್ಗೆ ನಾಚಿಕೆಯಾಗುತ್ತಿತ್ತು. ಇದನ್ನು ಬರೆಯುವಾಗ ಆ ನಾಚಿಕೆಯ ಬಗ್ಗೆ ನಾಚಿಕೆಯಾಗುತ್ತದೆ.

ಕ್ಯಾಸೆಟ್ ಬಂತು. ಅಪ್ಪನಿಗೆ ಎಲ್ಲಿಲ್ಲದ ಸಂಭ್ರಮ. ಇಷ್ಟು ವರ್ಷ ಸಕ್ಸೇನಾ ಅಂಕಲ್ ಕೊಟ್ಟಿದ್ದನ್ನೇ ತಂದದ್ದು, ಈಗ ಮೊದಲ ಸಲ ನಮ್ಮ ಮನೆಯಿಂದ ಒಂದು ಕ್ಯಾಸೆಟ್ ಆ ಬೀರುವಿಗೆ ಹೋಗುತ್ತದೆ. ಭಾಷೆ ಬಾರದವರಿಗೆ ತಿಳಿಯಲಿ ಅಂತ, ಇದಕ್ಕೂ ಒಂದು ಚೀಟಿ ಬರೆದುಕೊಡು ಕೃಪಾ, ಅಂದರು. ಭಾನುವಾರ ಊಟವಾದ ಮೇಲೆ ಎಲ್ಲರೂ ಕೂತೆವು. ಅಮ್ಮ ಮಾತ್ರ ಕೂರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತ ಬಿಚ್ಚುತ್ತ ಇದ್ದಳು. ಮೊದಲ ಎರಡು ಹಾಡು ನಾನು ಸರಿಯಾಗಿಯೇ ಕೇಳಿದೆ. ಮೂರನೆಯದು ಶುರುವಾಯಿತು, ಅಮ್ಮನ ದನಿ ಕೋಣೆ ತುಂಬಿತು, ಮೊದಲ ಸಾಲಿಗೇ ನನಗೆ ಒಂದು ವಾಕ್ಯ ಹೊಳೆಯಿತು. ಎಂಥ ವಾಕ್ಯ ಅಂದರೆ, ಇದನ್ನು ಓದಿದರೆ ಸೆಕ್ಷನ್ನಿನಲ್ಲಿ ಚಹಾ ಚೆಲ್ಲುತ್ತದೆ ಅಂತ ಅನ್ನಿಸಿತು. ಹಾಳೆ ತೊಡೆಯ ಮೇಲೇ ಇತ್ತು, ಬರೆಯತೊಡಗಿದೆ. ಒಂದು ಪದ ಹೊಡೆದು ಇನ್ನೊಂದು ಹಾಕಿದೆ. ತಲೆ ಎತ್ತಿದಾಗ ನಾಲ್ಕನೇ ಹಾಡು ನಡೆಯುತ್ತಿತ್ತು.

ಕಾಫಿ ಬಂತು. ಜೋಯಲ್ ಎದ್ದು ನಿಂತು, "ಮಮ್ಮಿದು ಬೆಸ್ಟ್. ಬಾಕೀ ಸಬ್ ಠೀಕ್ ಠಾಕ್. ಹತ್ತಕ್ಕೆ ಹನ್ನೊಂದು," ಅಂದ. ನಾನು, ಚೆನ್ನಾಗಿದೆ ಅಮ್ಮ, ಅಂದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಅಮ್ಮನನ್ನೇ ನೋಡಿದರು. ಅಮ್ಮ ಎಲ್ಲರ ಲೋಟ ಎತ್ತಿಕೊಂಡು ಒಳಗೆ ಹೋದಳು. ಚೀಟಿ ಓದಿ ನೋಡುವ ಅಭ್ಯಾಸ ಅಪ್ಪನಿಗೆ ಇರಲಿಲ್ಲ. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ, ನಾನು ಮಡಚಿ ಕೊಟ್ಟದ್ದನ್ನು ಹಾಗೇ ಡಬ್ಬಿಯಲ್ಲಿ ಇಟ್ಟುಕೊಂಡರು.

ಸೋಮವಾರ ಸಂಜೆ ಅಪ್ಪ ಮೆಟ್ಟಿಲು ಹತ್ತಿ ಬಂದಾಗ ನಗುತ್ತಿರಲಿಲ್ಲ. ಬಟ್ಟೆ ಎತ್ತೋಣ ಬಾ ಅಂತ ನನ್ನನ್ನು ಬಾಲ್ಕನಿಗೆ ಕರೆದರು. ಬಟ್ಟೆ ಎತ್ತುವುದು ಅವರ ಕೆಲಸವಾಗಿರಲಿಲ್ಲ.

"ಮೂರನೇ ಹಾಡು ಯಾರದು ಅಂತ ನಿಂಗೆ ಗೊತ್ತಿತ್ತಲ್ಲ?"

"ಹೂಂ."

"ಅಂಕಲ್‌ಗೆ ಗೊತ್ತಿರ್ಲಿಲ್ಲ. ಎಲ್ರ ಮುಂದೆ ಓದಿದ್ರು. ಎಲ್ರೂ ನಕ್ರು." ಅಪ್ಪ ಒಂದು ಟವೆಲನ್ನು ಎರಡು ಸಲ ಮಡಚಿದರು. "ನಾನೂ ನಕ್ಕೆ, ಕೃಪಾ. ನಕ್ಕಾದ್ಮೇಲೆ ಯಾರ ಹಾಡು ಅಂತ ನೆನಪಾಯ್ತು."

"ಅವ್ರಿಗೆ ಹೇಳಿದ್ರಾ?"

"ಹೇಳಿ ಏನು ಮಾಡ್ಲಿ? ಅವ್ರಿಗೆ ಮುಜುಗರ. ಚೀಟಿ ಕೇಳಿ ಇಸ್ಕೊಂಡು ಬಂದೆ. ಅಮ್ಮನಿಗೆ ಗೊತ್ತಾಗೋದು ಬೇಡ."

ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು, ಊಟ ಬಿಟ್ಟು, ಎರಡು ದಿನದಲ್ಲಿ ಸರಿಹೋಗುತ್ತಿದ್ದೆ. ಅವರು ನಕ್ಕದ್ದಕ್ಕೆ ಅವರೇ ನಾಚಿಕೊಂಡು ನಿಂತಿದ್ದರು, ಆ ನಾಚಿಕೆಗೂ ಕಾರಣ ನಾನೇ. ಹರಿದು ಹಾಕಿ ಅಪ್ಪಾ ಅನ್ನುವಷ್ಟು ಬುದ್ಧಿಯೂ ನನಗೆ ಬರಲಿಲ್ಲ. ಚೀಟಿ ಅವರ ಅಂಗಿಯ ಜೇಬಿನಲ್ಲೇ ಉಳಿಯಿತು. ಬುಧವಾರ ಅಮ್ಮ ಬಟ್ಟೆ ನೆನೆಹಾಕುವಾಗ ಜೇಬು ತಡವಿದಳು.

ಅಮ್ಮ ಹಿಂದಿ ಮಾತಾಡಲು ಕಲಿತದ್ದು ತರಕಾರಿ ಗಾಡಿಯ ಹತ್ತಿರ, ಹಾಲಿನ ಬೂತಿನ ಹತ್ತಿರ. ಅಕ್ಷರ ಮಾತ್ರ ಕಲಿಯಲಿಲ್ಲ. ಬಸ್ಸಿನ ಬೋರ್ಡನ್ನು ನಂಬರು ನೋಡಿ ಹತ್ತುತ್ತಿದ್ದಳು. ನಾನು ಶಾಲೆಯಿಂದ ಬಂದಾಗ ಆ ಹಾಳೆಯನ್ನು ಸೆರಗಿನಲ್ಲಿ ಒರೆಸಿ ಮೇಜಿನ ಮೇಲೆ ಹರಡಿಟ್ಟಿದ್ದಳು.

"ಇದು ನಮ್ಮ ಕ್ಯಾಸೆಟ್ಟಿಂದ ಅಲ್ವಾ? ಏನು ಬರ್ದಿದೀಯ, ಓದು."

ನಾನು ಓದಿದೆ. ಇಲ್ಲದ್ದನ್ನು ಓದಿದೆ. "ಮೂರನೇ ಹಾಡಿನ ದನಿ ತುಂಬ ಸ್ಪಷ್ಟವಾಗಿದೆ, ದೂರದವರೆಗೆ ಕೇಳಿಸುತ್ತದೆ, ಪದಗಳು ಒಂದೊಂದೂ ತಿಳಿಯುತ್ತವೆ," ಅಂತೆಲ್ಲ ಹಾಳೆಯ ಮೇಲೆ ಬೆರಳು ಓಡಿಸುತ್ತ ಹೇಳಿದೆ. ಬೆರಳು ನಡುಗಲಿಲ್ಲ. ಅದು ಇವತ್ತಿಗೂ ನನಗೆ ಹೆದರಿಕೆ ಹುಟ್ಟಿಸುವ ಸಂಗತಿ.

"ಕೊನೇಲಿ ಅಂಕೇಲಿ ಹತ್ತಕ್ಕೆ ಮೂರು ಅಂತ ಇದೆಯಲ್ಲ?"

"ಅದು ಅಂಕ ಅಲ್ಲ ಅಮ್ಮ. ಹತ್ತು ಹಾಡಲ್ಲಿ ಮೂರನೇದು ಎಲ್ಲಕ್ಕಿಂತ ಚೆನ್ನಾಗಿದೆ ಅಂತ."

"ಹೌದಾ," ಅಂದಳು. ಹಾಳೆ ಮಡಚಿ ಗೀತಪುಸ್ತಕದೊಳಗೆ ಇಟ್ಟಳು.

ಅವಳಿಗೆ ಆ ಚೀಟಿ ಯಾಕೆ ಮುಖ್ಯವಾಗಿತ್ತು ಅನ್ನುವುದನ್ನು ಇಲ್ಲಿ ಹೇಳಬೇಕು. ಕ್ಯಾಸೆಟ್ ಕೇಳಿದ ಅಯ್ಯನವರು ಅಮ್ಮನ ಹತ್ತಿರ, ಈಸ್ಟರಿಗೆ ದಿಲ್ಲಿಯ ಎಲ್ಲ ಭಾಷೆಯ ಸಭೆಗಳೂ ಒಟ್ಟಿಗೆ ಸೇರುತ್ತವಲ್ಲ, ಅಲ್ಲಿ ಕನ್ನಡದವರ ಪರವಾಗಿ ನೀವೊಬ್ಬರೇ ಹಾಡಬೇಕು ದಯಾಮಣಿಯಮ್ಮ, ಅಂದಿದ್ದರು. ಸಾವಿರ ಜನ ಸೇರುವ ಜಾಗ. ಅಮ್ಮ ಆಗುತ್ತದೆ ಅನ್ನಲಿಲ್ಲ, ಆಗುವುದಿಲ್ಲ ಅನ್ನಲಿಲ್ಲ, ಯೋಚಿಸಿ ಹೇಳುತ್ತೇನೆ ಅಂದಿದ್ದಳು. ಹಾಸ್ಟೆಲ್ ಬಿಟ್ಟ ಮೇಲೆ ಈ ಕ್ಯಾಸೆಟ್ಟಿನ ತನಕ ಅವಳನ್ನು ಹಾಡು ಅಂತ ಯಾರೂ ಕೇಳಿರಲಿಲ್ಲ. ಮದುವೆಯಾಗಿ ಬಂದವಳಿಗೆ ದಿಲ್ಲಿಯಲ್ಲಿ ಸಿಕ್ಕಿದ್ದು ಅಡುಗೆಮನೆ ಮತ್ತು ತಿಂಗಳಿಗೊಂದು ಭಾನುವಾರ. ರಾತ್ರಿ ಊಟಕ್ಕೆ ಬಡಿಸುವಾಗ ಅಪ್ಪನನ್ನು, "ಏನೂಂದ್ರೆ, ನನ್ ಕೈಲಿ ಆಗುತ್ತಾ?" ಅಂತ ಕೇಳುತ್ತಿದ್ದಳು. ಅಪ್ಪ ಆಗುತ್ತೆ ಅನ್ನುತ್ತಿದ್ದರು. ಅಪ್ಪ ಹೇಳಿದರೆ ಏನು ಬಂತು, ಹೆತ್ತವರಿಗೆ ಹೆಗ್ಗಣ ಮುದ್ದು, ಕಟ್ಟಿಕೊಂಡವರಿಗೂ ಹಾಗೇ ಅಂತ ಅವಳೇ ನಗುತ್ತಿದ್ದಳು. ಮನೆಯಲ್ಲಿ ಮುಲಾಜಿಲ್ಲದೆ ಮಾತಾಡುವವಳು ನಾನೊಬ್ಬಳೇ ಅಂತ ಅವಳ ಲೆಕ್ಕ.

ಮುಂದಿನ ಕನ್ನಡ ಆರಾಧನೆಯ ದಿನ, ಪ್ರಾರ್ಥನೆ ಮುಗಿದು ಎಲ್ಲರೂ ಚರ್ಚಿನ ಹಿಂದಿನ ಹುಲ್ಲಿನ ಮೇಲೆ ಪುಳಿಯೋಗರೆ ತಿನ್ನುತ್ತಿದ್ದಾಗ, ಅಮ್ಮ ಗೀತಪುಸ್ತಕ ತೆರೆದು ಚೀಟಿ ತೆಗೆದಳು. ಪಕ್ಕದಲ್ಲಿ ಕೂತಿದ್ದವರು ಪ್ರಶಾಂತಣ್ಣ, ಹಾಸನದ ಕಡೆಯವರು, ವಿಶ್ವವಿದ್ಯಾಲಯದಲ್ಲಿ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದವರು. ನನ್ನ ಬಾಯಿಯ ಅನ್ನ ಬಾಯಲ್ಲೇ ಉಳಿಯಿತು.

"ಪ್ರಶಾಂತ, ನಿಂಗೆ ಹಿಂದಿ ಚೆನ್ನಾಗಿ ಬರುತ್ತಲ್ಲಪ್ಪ. ನಮ್ಮ ಕೃಪಾ ಬರ್ದಿರೋದು. ಸ್ವಲ್ಪ ಓದಿ ಹೇಳು."

ಪ್ರಶಾಂತಣ್ಣ ಮನಸ್ಸಿನಲ್ಲೇ ಓದಿಕೊಂಡರು. ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಓದಿದರು:

"ಈ ಗಾಯಕಿಯ ಹಾಡಿನಲ್ಲಿ ಭಕ್ತಿಯೂ ಭಾವವೂ ಸಮವಾಗಿ ಬೆರೆತಿವೆ. ಕೇಳುವವರ ಕಣ್ಣು ತೇವವಾಗುತ್ತದೆ."

"ಅಷ್ಟೇನಾ?"

"ಅಷ್ಟೇ ಅಮ್ಮ. ತುಂಬ ಒಳ್ಳೇ ಮಾತು ಬರ್ದಿದ್ದಾಳೆ."

ಅಮ್ಮ ಚೀಟಿ ವಾಪಸ್ ಇಸಿದುಕೊಂಡಳು. ಕೈತೊಳೆಯುವ ನಲ್ಲಿಯ ಹತ್ತಿರ ಪ್ರಶಾಂತಣ್ಣ ನನ್ನ ಹಿಂದೆ ಬಂದು ನಿಂತರು. ಅವರು ಏನಾದರೂ ಬೈಯಲಿ ಅಂತ ಕಾದೆ. "ನಿನ್ನ ಅಕ್ಷರ ಚೆನ್ನಾಗಿದೆ," ಅಂದು ಕೈತೊಳೆದು ಹೋದರು. ಅವರ ಮುಖವನ್ನು ಮತ್ತೆ ನೇರವಾಗಿ ನೋಡಲು ನನಗೆ ಆಗಲಿಲ್ಲ, ಅವರು ಓದು ಮುಗಿಸಿ ಊರಿಗೆ ಹೋಗುವ ತನಕ.

ಎರಡು ದಿನ ಕಳೆದ ಮೇಲೆ, ಸಂಜೆ. ಅಪ್ಪ ಇನ್ನೂ ಬಂದಿರಲಿಲ್ಲ, ಜೋಯಲ್ ಕೆಳಗೆ ಕ್ರಿಕೆಟ್ ಆಡುತ್ತಿದ್ದ. ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು. ನಾನು ನೀರು ಕುಡಿಯಲು ಒಳಗೆ ಹೋದೆ. ಚೀಟಿ ಹಿಟ್ಟಿನ ಡಬ್ಬದ ಮೇಲೆ ಇತ್ತು.

"ಕೆಳಗಡೆ ಆಂಟಿ ಹತ್ರಾನೂ ಓದಿಸ್ದೆ," ಅಂದಳು, ಲಟ್ಟಣಿಗೆ ನಿಲ್ಲಿಸದೆ. "ಅವ್ರು ಓದಿದ್ರು, ಈ ಬೆಹನ್‌ಜಿ ದನಿ ಜೇನಿನ ಹಾಗಿದೆ, ದೇವ್ರು ಇವ್ರಿಗೆ ನೂರು ವರ್ಷ ಆಯಸ್ಸು ಕೊಡ್ಲಿ ಅಂತ."

ಅಮ್ಮ ಇನ್ನೊಂದು ಉಂಡೆ ತೆಗೆದುಕೊಂಡಳು.

"ನೀನು ಓದಿದಾಗ ದೂರಕ್ಕೆ ಕೇಳುತ್ತೆ ಅಂತಿತ್ತು. ಪ್ರಶಾಂತ ಓದಿದಾಗ ಕಣ್ಣು ತೇವ ಆಯ್ತು. ಆಂಟಿ ಓದಿದಾಗ ಆಯಸ್ಸು ಬಂತು. ಒಂದೇ ಚೀಟಿ, ಕೃಪಾ. ನಂಗೆ ಹಿಂದಿ ಅಕ್ಷರ ಬರಲ್ಲ, ಹತ್ತಕ್ಕೆ ಎಷ್ಟು ಅನ್ನೋದು ಗೊತ್ತಾಗುತ್ತೆ. ನಾಲ್ಕು ವರ್ಷದಿಂದ ಭಾನುವಾರ ಭಾನುವಾರ ಕೇಳಿದೀನಿ."

"ಅಮ್ಮ..."

"ಬೇಜಾರಿಲ್ಲ ನಂಗೆ. ನಿಜ ಓದು. ಬರೋ ಭಾನುವಾರ ಅಯ್ಯನವರಿಗೆ ಹೇಳ್ಬೇಕು, ಹಾಡ್ತೀನೋ ಇಲ್ವೋ ಅಂತ. ಸಾವಿರ ಜನದ ಮುಂದೆ ತಪ್ಪು ಹಾಡೋದಕ್ಕಿಂತ ಮಗಳ ಹತ್ರ ಹೇಳಿಸ್ಕೊಳ್ಳೋದು ವಾಸಿ."

ಓದಿದೆ. ಈ ಸಲ ಇದ್ದದ್ದನ್ನೇ, ಕನ್ನಡ ಮಾಡಿ ಓದಿದೆ. "ಮೂರನೇ ಹಾಡಿನ ಹೆಂಗಸು ಎರಡನೇ ಮಹಡಿಯಿಂದ ತರಕಾರಿಯವನನ್ನು ಕೂಗಿ ನಿಲ್ಲಿಸುವ ಹಾಗೆ ಹಾಡುತ್ತಾರೆ. ಬರುವಾಗ ಶ್ರುತಿಯನ್ನು ಮನೆಯಲ್ಲೇ ಮರೆತು ಬಂದಿದ್ದಾರೆ. ದೇವರು ಕರುಣಾಮಯಿ, ಆದ್ದರಿಂದ ಹತ್ತಕ್ಕೆ ಮೂರು." ನನ್ನ ವಾಕ್ಯ ನನ್ನ ಬಾಯಲ್ಲೇ ಎಷ್ಟು ಕೊಳಕಾಗಿ ಕೇಳಿಸಿತು ಅಂದರೆ ಕೊನೆಯ ಪದ ಹೊರಗೆ ಬರಲು ತಡವಾಯಿತು. ಅಳು ಬಂತು. ಅಮ್ಮ ಅಳಲಿಲ್ಲ. ತರಕಾರಿಯವನ ಮಾತಿಗೆ ಅವಳ ತುಟಿ ಸ್ವಲ್ಪ ಅಲುಗಿತು, ನಗು ಬಂದ ಹಾಗೆ.

"ದನಿ ಗಟ್ಟಿ, ಅದು ನಿಜ. ಮೈಕ್ ದೂರ ಇಟ್ಕೊಂಡ್ರೆ ಆಗುತ್ತೆ. ಶ್ರುತಿ ಎಲ್ಲಿ ಬಿಟ್ಟೆ? ಮೊದಲನೇ ಚರಣದಲ್ಲಾ, ಎರಡನೇದ್ರಲ್ಲಾ?"

ಆ ಹಾಡಿಗೆ ಎಷ್ಟು ಚರಣ ಇವೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಒಂದು ತಿಂಗಳು ಬೆಳಿಗ್ಗೆ ಸಂಜೆ ಗೋಡೆಯಾಚೆ ಅದು ನಡೆದಿದ್ದರೂ ನಾನು ಕಿವಿ ಕೊಟ್ಟಿರಲಿಲ್ಲ. ಕ್ಯಾಸೆಟ್ ಹಾಕಿದ ದಿನ ವಾಕ್ಯ ತಿದ್ದುತ್ತ ಕೂತಿದ್ದೆ. ಶ್ರುತಿಯ ಮಾತು ಬರೆದದ್ದು ವಾಕ್ಯದ ತೂಕಕ್ಕೆ. ಅದನ್ನಾದರೂ ಹೇಳಬಹುದಾಗಿತ್ತು, ಕೇಳಲೇ ಇಲ್ಲ ಅಮ್ಮ, ಸುಳ್ಳು ಬರೆದೆ ಅಂತ. ಹೇಳಲು ಬಾಯಿ ಬರಲಿಲ್ಲ. ಹಾಡನ್ನು ಕೇಳದೆ ಅಂಕ ಹಾಕಿದವಳು ಅನ್ನಿಸಿಕೊಳ್ಳುವುದು ನನಗೆ ಕೆಟ್ಟ ಮಗಳು ಅನ್ನಿಸಿ­ಕೊಳ್ಳುವುದಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು. ಇಲ್ಲಿ ನಾನು ಒಪ್ಪಿಕೊಳ್ಳಬೇಕಾಗಿದ್ದ ಮಾತು ಇದೇ.

ಅಮ್ಮ ಒಲೆ ಸಣ್ಣ ಮಾಡಿದಳು.

"ನೆನಪಿಲ್ವಾ? ಇರ್ಲಿ, ಈಗ ಹಾಡ್ತೀನಿ. ಎಲ್ಲಿ ತಪ್ಪುತ್ತೋ ಅಲ್ಲಿ ಕೈ ಎತ್ತು."

ಹಿಟ್ಟಿನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಹಾಡಿದಳು. ನಾಲ್ಕು ಚರಣ. ನಾನು ಆವತ್ತು ಮೊದಲ ಸಲ ಅಮ್ಮನ ಹಾಡು ಕೇಳಿದೆ. ಆಮೇಲೆ ಎಷ್ಟೋ ದೇಶದ, ಎಷ್ಟೋ ಬಗೆಯ ದನಿಗಳನ್ನು ಕೇಳಿದ್ದೇನೆ, ಕೂಲಿಗೆ ಕೇಳಿದ್ದೇನೆ, ಹಾಗಾಗಿ ಈಗ ತಿಳಿದು ಹೇಳುತ್ತಿದ್ದೇನೆ: ಅವಳ ಶ್ರುತಿ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಹಾರ್ಮೋನಿಯಂ ಇಲ್ಲ, ತಂಬೂರಿ ಇಲ್ಲ, ಪಕ್ಕದ ಮನೆಯ ಕುಕ್ಕರ್ ಬೇರೆ ಕೂಗುತ್ತಿತ್ತು. ಮೂರನೇ ಚರಣದಲ್ಲಿ ಮೇಲಿನ ಸ್ವರಕ್ಕೆ ಹೋಗುವಾಗ ಎಲ್ಲರೂ ದನಿ ಏರಿಸುವ ಜಾಗದಲ್ಲಿ ಅವಳು ಇಳಿಸಿದಳು, ದೇವರ ಹತ್ತಿರ ಕಿವಿಯಲ್ಲಿ ಹೇಳುವ ಹಾಗೆ. ಅಷ್ಟು ಗಟ್ಟಿ ದನಿಯವಳು ಅಷ್ಟು ಮೆತ್ತಗೆ ಹಾಡಬಲ್ಲಳು ಅಂತ ನನಗೆ ಗೊತ್ತೇ ಇರಲಿಲ್ಲ. ನನ್ನ ಕೈ ಏಳಲಿಲ್ಲ.

"ಎಲ್ಲಿ?" ಅಂದಳು, ಮುಗಿಸಿ.

"ಎಲ್ಲೂ ಇಲ್ಲ ಅಮ್ಮ. ಎಲ್ಲೂ ತಪ್ಪಿಲ್ಲ. ತುಂಬ ಚೆನ್ನಾಗಿ ಹಾಡ್ತೀಯ."

"ಎಷ್ಟು?"

"ಹತ್ತಕ್ಕೆ ಹತ್ತು. ನಿಜವಾಗ್ಲೂ."

ಅಮ್ಮ ಹಿಟ್ಟಿನ ಕೈಯ ಹಿಂಬದಿಯಿಂದ ನನ್ನ ಕಣ್ಣು ಒರೆಸಿದಳು.

"ಹೋಗ್ಲಿ ಬಿಡು ಪುಟ್ಟಿ. ನೀನೂ ಈಗ ಪ್ರಶಾಂತನ ಹಾಗೆ, ಆಂಟಿ ಹಾಗೇ ಓದ್ತಾ ಇದ್ದೀಯ."

ಒಲೆ ದೊಡ್ಡದು ಮಾಡಿ ಚಪಾತಿ ಹಾಕಿದಳು. ಭಾನುವಾರ ಅಯ್ಯನವರಿಗೆ ಆಗುವುದಿಲ್ಲ ಅಂತ ಹೇಳಿದಳು.